ಆರತಿಗೆ ಮಗಳು, ಕೀರ್ತಿಗೆ ಮಗ: ಒಂದು ನಾಣ್ಣುಡಿಯ ವಿಮರ್ಶೆ

ಕಾವ್ಯನಾಟಕಾದಿಗಳನ್ನು ಒರೆಗಲ್ಲಿಗೆ ಹಚ್ಚಿ ನೋಡುವುದು ವಿದ್ವಾಂಸರಿಗೆ ಸಹಜವಾದ ಕಾರ್ಯ. ಜನರ ನಾಲಗೆಯಲ್ಲಿ ನೆಲೆಸಿರುವ ನಾಣ್ಣುಡಿಗಳನ್ನು ಹಾಗೆ ಪರೀಕ್ಷಿಸುವ ವಾಡಿಕೆ ಮಾತ್ರ ವಿರಳ. ನಾಣ್ಣುಡಿಗೆ ಕರ್ತೃವಿನ ಹೆಸರಿಲ್ಲ, ಮುದ್ರಣದ ವರ್ಷವಿಲ್ಲ, ಪಾಠಾಂತರಗಳನ್ನು ಕೂಡಿಸಿ ಶೋಧಿಸಿದ ಪ್ರತಿಯಿಲ್ಲ. ಆದಕಾರಣ ಅದು ವಿಮರ್ಶಕನ ಕೈಗೆ ಸಿಕ್ಕದೆ ಜಾರಿಹೋಗುತ್ತದೆ. ಆದರೆ ಮಹಾಕಾವ್ಯವನ್ನು ಓದಿ ತಮ್ಮ ನಡತೆಯನ್ನು ತಿದ್ದಿಕೊಂಡವರು ಊರಿಗೆ ಹತ್ತು ಮಂದಿ ಇದ್ದರೆ, ನಾಣ್ಣುಡಿಯನ್ನು ನಂಬಿ ಸಂಸಾರ ನಡಸುವವರು ಊರೆಲ್ಲ ಇರುತ್ತಾರೆ. ಮನುಷ್ಯರ ಮೇಲೆ ಇಷ್ಟು ಅಧಿಕಾರವುಳ್ಳ ಮಾತಿನ ಗುಣದೋಷವಿಚಾರವು ಸಾಹಿತ್ಯವಿಮರ್ಶೆಗೆ ಹೊರಗಿನದೆಂದು ಯಾರೂ ಹೇಳಲಾರರು.

ಅಂಥ ಮಾತುಗಳಲ್ಲಿ ಒಂದು, ಆರತಿಗೆ ಮಗಳು ಕೀರ್ತಿಗೆ ಮಗ ಎಂಬುದು. ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ, ಭದ್ರಾವತಿಯ ಹಳೇನಗರದಲ್ಲಾಗಲಿ, ತೊಟ್ಟಿಲು ಕಟ್ಟಿದ ಮನೆಯಲ್ಲಿ ಹಿರಿಯರ ಬಾಯಿಂದ ಈ ಮಾತು ಬಾರದೆ ಇರುವುದು ಅಪೂರ್ವ. ಚೊಚ್ಚಲು ಹೆಣ್ಣಾದರೆ ಮನೆಗೆ ಲಕ್ಷ್ಮಿ ಬಂದಳೆಂದು ಸಕ್ಕರೆ ಹಂಚುತ್ತಾರೆ. ಆರತಿಗೆ ಆಯಿತು, ಇನ್ನು ಕೀರ್ತಿಗೊಬ್ಬ ಬರಲಿ ಎಂದು ಹರಸುತ್ತಾರೆ. ಎರಡನೆಯದೂ ಹೆಣ್ಣಾದರೆ ಹರಕೆ ಸ್ವಲ್ಪ ತಗ್ಗಿದ ದನಿಯಲ್ಲಿ ಬರುತ್ತದೆ. ಮೂರನೆಯದೂ ಹಾಗೆಯೇ ಆದರೆ ಬಾಣಂತಿಯ ಕೋಣೆಯಲ್ಲಿ ಮಾತೇ ಕಡಮೆಯಾಗುತ್ತದೆ. ಹರಸಿದವರಲ್ಲಿ ಯಾರಿಗೂ ಹೆಣ್ಣುಕೂಸಿನ ಮೇಲೆ ದ್ವೇಷವಿಲ್ಲ. ಹೀಗಿರಲು ದನಿ ತಗ್ಗಿದುದು ಏತಕ್ಕೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ಈ ಮಾತಿನ ಸೊಗಸನ್ನು ಒಪ್ಪಿಕೊಳ್ಳಬೇಕು. ತೂಕದಲ್ಲಿ ಸಮವಾದ ಎರಡು ತುಂಡುಗಳು; ಆರತಿ ಕೀರ್ತಿ ಎಂಬ ಶಬ್ದಗಳ ಮೈತ್ರಿ; ಇಬ್ಬರು ಮಕ್ಕಳಿಗೂ ಒಂದೊಂದು ಮನ್ನಣೆ. ಹೆಣ್ಣನ್ನು ನೇರವಾಗಿ ಹಳಿಯುವ ಗಾದೆಗಳು ಅನೇಕವಿರುವಾಗ, ಮಗಳೂ ಬೇಕು ಎನ್ನುವ ಗಾದೆಯೊಂದು ಇರುವುದೇ ಸಂತೋಷವೆಂದು ತೋರುವುದು ಸಹಜ. ಇದೇ ಕಾರಣದಿಂದ ಚಿಕ್ಕ ಸಂಸಾರವನ್ನು ಉಪದೇಶಿಸುವವರೂ ಇದನ್ನು ಪ್ರೀತಿಯಿಂದ ಬಳಸಿಕೊಂಡರು. ಒಂದು ಹೆಣ್ಣು, ಒಂದು ಗಂಡು, ಅಲ್ಲಿಗೆ ಸಂಸಾರ ಪೂರ್ಣವೆಂಬ ಚಿತ್ರಕ್ಕೆ ಇದಕ್ಕಿಂತ ಒಪ್ಪುವ ಮಾತು ದೊರೆಯುವುದು ಕಷ್ಟ.

ಆದರೆ ವಿಮರ್ಶೆಯು ಶಬ್ದದ ಇಂಪಿನಲ್ಲಿ ನಿಲ್ಲಬಾರದು, ವಿಭಕ್ತಿಯನ್ನು ನೋಡಬೇಕು. ಇಲ್ಲಿ ಎರಡು ಕಡೆಯೂ ಇರುವುದು ಚತುರ್ಥಿ, ಅದರಲ್ಲಿಯೂ ವೈಯಾಕರಣರು ತಾದರ್ಥ್ಯವೆಂದು ಕರೆಯುವ ಚತುರ್ಥಿ. ಮಗಳು ಯಾವುದಕ್ಕಾಗಿ? ಆರತಿಗಾಗಿ. ಮಗ ಯಾವುದಕ್ಕಾಗಿ? ಕೀರ್ತಿಗಾಗಿ. ಮಗು ತನಗಾಗಿ ಹುಟ್ಟಿದ್ದೆಂಬ ಭಾವನೆ ಎರಡು ಕಡೆಯಲ್ಲಿಯೂ ಇಲ್ಲ. ಇರಲಿ, ಪ್ರಯೋಜನವನ್ನು ನೋಡುವುದು ಲೋಕಸ್ವಭಾವ. ಆದರೆ ಆ ಎರಡು ಪ್ರಯೋಜನಗಳಿಗೆ ತಗಲುವ ವೆಚ್ಚವೇನು? ಆರತಿಗೆ ಒಂದು ತಟ್ಟೆ, ಅರಿಸಿನ ಸುಣ್ಣ ಕದಡಿದ ನೀರು, ಎರಡು ಬತ್ತಿ, ಅರ್ಧಗಳಿಗೆಯ ಹೊತ್ತು ಸಾಕು. ಕೀರ್ತಿಗೆ ಹಾಗಲ್ಲ. ಗಟ್ಟಿಯಾದ ಶರೀರ ಬೇಕು, ಅದಕ್ಕೆ ಹಾಲು ತುಪ್ಪ ಬೇಕು, ಜ್ವರ ಬಂದರೆ ಆ ಕ್ಷಣವೇ ವೈದ್ಯನು ಬೇಕು, ವಿದ್ಯೆ ಬೇಕು, ವರ್ಷಾನುಗಟ್ಟಲೆ ಹಣ ಬೇಕು. ಸಮವಾಗಿ ಹಂಚಿದಂತೆ ಕಾಣುವ ಈ ವಾಕ್ಯವು ಮನೆಯ ಆಯವ್ಯಯದ ಪಟ್ಟಿಯನ್ನು ಬರೆದಿಡುತ್ತದೆ, ಮತ್ತು ಆ ಪಟ್ಟಿಯಲ್ಲಿ ಎರಡು ಮಕ್ಕಳ ಹೆಸರಿನ ಮುಂದೆ ಬರೆದಿರುವ ಮೊಬಲಗು ಒಂದೇ ಅಲ್ಲ. ಗಾದೆಯ ಮುಖ್ಯ ದೋಷ ಇದು: ಅದರ ಗೌರವ ಸಮಾನ, ಅದರ ವೆಚ್ಚ ಅಸಮಾನ.

ಇದಕ್ಕೆ ಜೊತೆಯಾಗಿ ಇನ್ನೊಂದು ಗಾದೆಯುಂಟು: ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ. ಮೊದಲನೆಯದು ವೆಚ್ಚವನ್ನು ಹೇಳಿದರೆ ಇದು ಅದಕ್ಕೆ ಕಾರಣವನ್ನು ಹೇಳುತ್ತದೆ. ಬೆಳೆಸಿದ ಫಲವು ಬೇರೊಬ್ಬರ ಅಂಗಳಕ್ಕೆ ಬೀಳುವ ಮರಕ್ಕೆ ನೀರೆರೆಯುವವರು ಯಾರು ಎಂಬ ಲೆಕ್ಕಾಚಾರ ಅದರೊಳಗೆ ಅಡಗಿದೆ. ಈ ಭಾವನೆ ಕನ್ನಡಿಗರ ಸೊತ್ತೇನೂ ಅಲ್ಲ. ದುಹಿತೃ ಶಬ್ದಕ್ಕೆ ನಿರುಕ್ತಕಾರನಾದ ಯಾಸ್ಕನು ಮೂರು ವ್ಯುತ್ಪತ್ತಿಗಳನ್ನು ಕೊಟ್ಟಿದ್ದಾನೆ: ಹಿತವಾಗಿ ನೆಲೆಗೊಳಿಸಲು ಕಷ್ಟವಾದವಳು, ದೂರದಲ್ಲಿದ್ದರೆ ಹಿತವಾದವಳು, ಹಾಲು ಕರೆಯುವುದೆಂಬ ಧಾತುವಿನಿಂದ ಬಂದವಳು. ಮೊದಲ ಎರಡು ವ್ಯುತ್ಪತ್ತಿಗಳು ಲೋಕದಲ್ಲಿ ಬೇರೂರಿದವು. ಮೂರನೆಯದರಲ್ಲಿ ಹಾಲಿನ ಸಂಬಂಧ ಉಂಟೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸಂಗ ಬರುತ್ತದೆ.

ಇಂಥ ವಿಚಾರ ಎತ್ತಿದೊಡನೆ ಶಾಸ್ತ್ರವೇ ಹಾಗಿರುವಾಗ ಜನರನ್ನು ದೂರಿ ಫಲವೇನು ಎಂಬ ಉತ್ತರ ಸಿದ್ಧವಾಗಿರುತ್ತದೆ. ಶಾಸ್ತ್ರದಲ್ಲಿ ಪುತ್ರಪಕ್ಷಪಾತವಿಲ್ಲವೆಂದು ಹೇಳುವುದು ಸತ್ಯವಾಗಲಾರದು. ಐತರೇಯ ಬ್ರಾಹ್ಮಣದ ಹರಿಶ್ಚಂದ್ರೋಪಾಖ್ಯಾನದಲ್ಲಿ ನಾರದನು ಮಗನನ್ನು ಪರಮವ್ಯೋಮದ ಬೆಳಕೆಂದೂ ಮಗಳನ್ನು ದೈನ್ಯಕ್ಕೆ ಕಾರಣವೆಂದೂ ಹೇಳುತ್ತಾನೆ. ಅಥರ್ವವೇದದ ಆರನೆಯ ಕಾಂಡದಲ್ಲಿ ಹೆಣ್ಣಿನ ಜನ್ಮ ಬೇರೆಲ್ಲಾದರೂ ಆಗಲಿ, ಇಲ್ಲಿ ಗಂಡಾಗಲಿ ಎಂಬ ಪ್ರಾರ್ಥನೆಯಿದೆ. ಇವನ್ನು ಮುಚ್ಚಿಟ್ಟು ಪೂರ್ವಕಾಲವನ್ನು ಹೊಗಳುವುದು ವಿದ್ವತ್ತಿಗೆ ಸಲ್ಲದು.

ಆದರೆ ಅದೇ ಶಾಸ್ತ್ರರಾಶಿಯಲ್ಲಿ ಬೇರೆ ಮಾತುಗಳೂ ಇವೆ; ಅವು ಉಪನ್ಯಾಸಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಬೃಹದಾರಣ್ಯಕೋಪನಿಷತ್ತಿನ ಕೊನೆಯ ಅಧ್ಯಾಯದಲ್ಲಿ, ತನಗೆ ಪಂಡಿತೆಯಾದ ಮಗಳು ಹುಟ್ಟಲಿ, ಅವಳು ಪೂರ್ಣಾಯುಷ್ಯವನ್ನು ಪಡೆಯಲಿ ಎಂದು ಬಯಸುವವನು ಎಳ್ಳನ್ನ ಮಾಡಿಸಿ ತುಪ್ಪದೊಡನೆ ಪತ್ನೀಸಮೇತನಾಗಿ ಉಣ್ಣಬೇಕೆಂಬ ವಿಧಿಯಿದೆ. ಇಲ್ಲಿ ಎರಡು ಅಂಶಗಳು ಗಮನಾರ್ಹ. ಮಗಳನ್ನು ಬಯಸಿ ಪಡೆಯುವವನೂ ಉಂಟೆಂಬುದು ಒಂದು. ಮಗನಿಗೆ ಬೇಡಿದ ಪೂರ್ಣಾಯುಷ್ಯವನ್ನೇ ಮಗಳಿಗೂ ಬೇಡಿದೆಯೆಂಬುದು ಇನ್ನೊಂದು. ಭಾಷ್ಯಕಾರರಾದ ಶಂಕರಾಚಾರ್ಯರು ಈ ಪಾಂಡಿತ್ಯವು ಗೃಹಕೃತ್ಯದ ವಿಷಯದ್ದು, ಏಕೆಂದರೆ ಹೆಣ್ಣಿಗೆ ವೇದಾಧಿಕಾರವಿಲ್ಲ ಎಂದು ಅರ್ಥವನ್ನು ಸಂಕೋಚಗೊಳಿಸಿದರು. ಪಾಂಡಿತ್ಯವನ್ನು ಕುಗ್ಗಿಸಿದ ಆಚಾರ್ಯರೂ ಆಯುಷ್ಯವನ್ನು ಕುಗ್ಗಿಸಲಿಲ್ಲ. ಗೃಹಕೃತ್ಯವೇ ಆಗಲಿ, ಅದನ್ನು ಮಾಡಲು ಮಗಳು ಬದುಕಿರಬೇಕಷ್ಟೆ.

ಮನುಸ್ಮೃತಿಯ ಎರಡನೆಯ ಅಧ್ಯಾಯವನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ನಾಲ್ಕನೆಯ ತಿಂಗಳಲ್ಲಿ ಮಗುವನ್ನು ಹೊರಗೆ ಕರೆದು ತರಬೇಕು, ಆರನೆಯ ತಿಂಗಳಲ್ಲಿ ಅನ್ನಪ್ರಾಶನ ಮಾಡಬೇಕು ಎಂದು ಅಲ್ಲಿ ವಿಧಿಸಿದೆ. ಇವೇ ಸಂಸ್ಕಾರಗಳನ್ನು ಹೆಣ್ಣುಮಕ್ಕಳಿಗೆ ಮಂತ್ರವಿಲ್ಲದೆ, ಆದರೆ ಕಾಲವೂ ಕ್ರಮವೂ ತಪ್ಪದಂತೆ, ಶರೀರಸಂಸ್ಕಾರಕ್ಕಾಗಿ ಮಾಡತಕ್ಕದ್ದೆಂದು ಮುಂದೆ ಹೇಳಿದೆ. ಹೆಣ್ಣಿನ ವಿಷಯದಲ್ಲಿ ಮನುವಿನ ಔದಾರ್ಯವನ್ನು ಯಾರೂ ಹೊಗಳುವುದಿಲ್ಲ. ಅಂಥ ಮನುವೂ ಹೆಣ್ಣುಕೂಸಿನಿಂದ ಕಿತ್ತುಕೊಂಡದ್ದು ಮಂತ್ರವನ್ನು ಮಾತ್ರ. ಅನ್ನವನ್ನು ಕಿತ್ತುಕೊಳ್ಳಲಿಲ್ಲ, ಅದರ ಕಾಲವನ್ನು ಮುಂದೂಡಲಿಲ್ಲ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ, ಆಮೇಲೆ ಹಾಲಿನೊಡನೆ ಮೆತ್ತನೆಯ ಆಹಾರ, ಎರಡು ವರ್ಷ ಅಥವಾ ಅದಕ್ಕೂ ಮೀರಿ ಹಾಲು ಮುಂದುವರಿಯಬೇಕು ಎಂಬುದು ಇಂದಿನ ವೈದ್ಯರ ಉಪದೇಶ. ಆರನೆಯ ತಿಂಗಳೆಂಬ ಗಡುವಿನಲ್ಲಿ ಹಳಬರಿಗೂ ಹೊಸಬರಿಗೂ ವಿವಾದವಿಲ್ಲ. ಗಂಡಿಗೊಂದು ಹೆಣ್ಣಿಗೊಂದು ಗಡುವೆಂದು ಇಬ್ಬರಲ್ಲಿ ಯಾರೂ ಹೇಳಿಲ್ಲ.

ವ್ಯಾಕರಣದಲ್ಲಿಯೂ ಇದಕ್ಕೆ ತಕ್ಕ ಒಂದು ದೃಷ್ಟಾಂತವುಂಟು. ಪಾಣಿನಿಯ ಏಕಶೇಷಪ್ರಕರಣದಂತೆ ಪುತ್ರ, ದುಹಿತೃ ಎಂಬ ಎರಡು ಶಬ್ದಗಳನ್ನು ಕೂಡಿಸಿ ಹೇಳುವಾಗ ಪುತ್ರಶಬ್ದವೇ ಉಳಿಯುತ್ತದೆ, ದುಹಿತೃಶಬ್ದ ಲೋಪವಾಗುತ್ತದೆ. ಪುತ್ರೌ ಎಂದರೆ ಇಬ್ಬರು ಗಂಡುಮಕ್ಕಳೂ ಆಗಬಹುದು, ಒಬ್ಬ ಮಗ ಒಬ್ಬಳು ಮಗಳೂ ಆಗಬಹುದು. ಆದರೆ ಉಳಿದ ಶಬ್ದವು ಲೋಪವಾದ ಶಬ್ದದ ಅರ್ಥವನ್ನೂ ಹೊರುತ್ತದೆಂಬುದು ವೈಯಾಕರಣರ ಸಿದ್ಧಾಂತ. ಸಂಸಾರದಲ್ಲಿಯೂ ಏಕಶೇಷ ನಡೆಯುತ್ತದೆ. ಅಲ್ಲಿ ಮಾತ್ರ ಉಳಿದವನು ತನ್ನ ಅರ್ಥವನ್ನಷ್ಟೇ ಹೊರುತ್ತಾನೆ. ಮಕ್ಕಳ ಆರೋಗ್ಯ ಎಂದು ಮನೆಯಲ್ಲಿ ಆಡುವ ಮಾತಿನಲ್ಲಿ ಹೆಣ್ಣುಮಗುವಿನ ಅರ್ಥ ಎಷ್ಟು ಪಾಲು ಉಳಿದಿದೆಯೆಂದು ಪರೀಕ್ಷಿಸಿದಾಗ ಇದು ತಿಳಿಯುತ್ತದೆ.

ಕನ್ನಡದಲ್ಲಿ ಈ ಪರೀಕ್ಷೆಯನ್ನು ಮೊದಲು ಮಾಡಿದವರಲ್ಲಿ ಒಬ್ಬಳು ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಈಕೆ ಹದಿಬದೆಯ ಧರ್ಮವನ್ನು ಸಾಂಗತ್ಯದಲ್ಲಿ ರಚಿಸಿದಳು. ಕೃತಿಯ ವಿಷಯ ಪತಿವ್ರತಾಧರ್ಮ. ಬಂಡಾಯದ ಗ್ರಂಥವೆಂದು ಅದನ್ನು ಯಾರೂ ಕರೆಯಲಾರರು. ಅಂಥ ಗ್ರಂಥದ ನಡುವೆ ಆಕೆ ಹೆಣ್ಣೆಂದು ಹೀಯಾಳಿಸುವವರನ್ನು ತಡೆದು ನಿಲ್ಲಿಸಿ, ಅವರನ್ನು ಹೆತ್ತವಳು ಹೆಣ್ಣಲ್ಲವೆ, ಪೊರೆದವಳು ಹೆಣ್ಣಲ್ಲವೆ ಎಂದು ಕೇಳುತ್ತಾಳೆ; ಅದನ್ನು ಕಾಣದವರನ್ನು ಕುರುಡರೆನ್ನುತ್ತಾಳೆ. ಈ ಪ್ರಶ್ನೆ ಪ್ರಸಿದ್ಧವಾಗಿದೆ. ಸಭೆಗಳಲ್ಲಿ ಆಗಾಗ ಉದಾಹರಿಸಲ್ಪಡುತ್ತದೆ.

ವಿಚಾರದೃಷ್ಟಿಯಿಂದ ಇದಕ್ಕಿಂತ ಬಲವಾದುದು ಆಕೆಯ ಇನ್ನೊಂದು ಮಾತು. ಮಗನಾದುದರಿಂದಲೇ ಬಂದ ಗುಣವೇನು, ಮಗಳಾದುದರಿಂದಲೇ ಬಂದ ಕುಂದೇನು, ಇಬ್ಬರಲ್ಲಿ ಯಾರು ಏಳ್ಗೆ ಪಡೆದರೋ ಅವರಿಂದ ಇಹಪರಗಳ ಸುಖ ಒದಗುತ್ತದೆ ಎಂಬುದು ಅದರ ತಾತ್ಪರ್ಯ. ಮೊದಲಿನ ಪ್ರಶ್ನೆ ಹೆಣ್ಣಿಗೆ ಸಲ್ಲಬೇಕಾದ ಗೌರವದ ವಿಷಯ. ಎರಡನೆಯದು ಪೋಷಣೆಯ ವಿಷಯ. ಏಳ್ಗೆಯು ಹುಟ್ಟಿನೊಡನೆ ಬರುವುದಲ್ಲ; ಉಣಿಸಿ, ಕಾಪಾಡಿ, ಕಲಿಸಿದ ಮೇಲೆ ಬರುವುದು. ಮಕ್ಕಳ ಬೆಲೆಯನ್ನು ಗಾದೆಯು ಹುಟ್ಟಿದ ದಿನವೇ ಕಟ್ಟಿಬಿಡುತ್ತದೆ. ಹೊನ್ನಮ್ಮ ಅದನ್ನು ಬೆಳೆಸುವವರ ಕೈಗೆ ಒಪ್ಪಿಸುತ್ತಾಳೆ. ಮಗಳಿಂದ ಕೀರ್ತಿ ಬಾರದಿದ್ದರೆ ತಪ್ಪು ಮಗಳದೋ ಬೆಳೆಸಿದವರದೋ ಎಂಬ ಪ್ರಶ್ನೆಯನ್ನು ಆಕೆಯ ಮಾತು ಎತ್ತುತ್ತದೆ. ಗೌರವದ ಪದ್ಯವನ್ನು ಹಾಡಿ ಪೋಷಣೆಯ ಪದ್ಯವನ್ನು ಮರೆತಿರುವುದು ಕನ್ನಡಿಗರ ರಸಿಕತೆಯಲ್ಲಿರುವ ಕೊರತೆ.

ಹೊನ್ನಮ್ಮನು ಊಹೆಯಿಂದ ಕಂಡುದನ್ನು ಈಚಿನ ಅರ್ಥಶಾಸ್ತ್ರಜ್ಞರು ಲೆಕ್ಕದಿಂದ ಕಂಡಿದ್ದಾರೆ. ಸೀಮಾ ಜಯಚಂದ್ರನ್ ಮತ್ತು ಇಲಿಯಾನಾ ಕುಜಿಯೆಂಕೊ ಎಂಬವರು 2011ರಲ್ಲಿ ಪ್ರಕಟಿಸಿದ ಪ್ರಬಂಧದಂತೆ ಭಾರತದಲ್ಲಿ ಹೆಣ್ಣುಮಕ್ಕಳಿಗೆ ಎದೆಹಾಲನ್ನು ಗಂಡುಮಕ್ಕಳಿಗಿಂತ ಬೇಗನೆ ಬಿಡಿಸಲಾಗುತ್ತದೆ. ಮನೆಯಲ್ಲಿ ಇನ್ನೂ ಗಂಡುಮಗು ಇಲ್ಲದಿದ್ದರೆ ಈ ಆತುರ ಹೆಚ್ಚು. ಇದರಲ್ಲಿ ಕ್ರೌರ್ಯವೇನೂ ಇರಬೇಕಾಗಿಲ್ಲ. ಹಾಲೂಡುವ ತಾಯಿಗೆ ಮತ್ತೆ ಗರ್ಭ ನಿಲ್ಲುವುದು ನಿಧಾನ. ಮಗನನ್ನು ಬೇಗ ಪಡೆಯಬೇಕೆಂಬ ಮನೆಯವರ ಅವಸರಕ್ಕೆ ತೊಟ್ಟಿಲಲ್ಲಿರುವ ಮಗಳ ಹಾಲು ಅಡ್ಡಿಯಾಗುತ್ತದೆ. ಯಾಸ್ಕನ ಮೂರನೆಯ ವ್ಯುತ್ಪತ್ತಿಯಲ್ಲಿ ಹಾಲಿನೊಡನೆ ಬಂಧಿತಳಾದವಳು ಮೊದಲು ಕಳೆದುಕೊಳ್ಳುವುದು ಹಾಲನ್ನೇ.

ಇನ್ನೊಂದು ಸಂಗತಿ ಸಂಸಾರದ ಗಾತ್ರಕ್ಕೆ ಸೇರಿದ್ದು. ಮಗನು ಹುಟ್ಟುವವರೆಗೆ ಹೆರಿಗೆ ನಿಲ್ಲದ ಮನೆಗಳಲ್ಲಿ ಮೂರು ಹೆಣ್ಣುಗಳ ಮೇಲೆ ಒಂದು ಗಂಡು ಇರುವುದು ಸಾಮಾನ್ಯ. ಚೊಚ್ಚಲು ಗಂಡಾದ ಮನೆಯು ಒಂದು ಎರಡಕ್ಕೆ ನಿಂತುಬಿಡುತ್ತದೆ. ಆದ್ದರಿಂದ ಸರಾಸರಿಯಲ್ಲಿ ಹೆಣ್ಣುಮಕ್ಕಳು ಬೆಳೆಯುವುದು ದೊಡ್ಡ ಸಂಸಾರದಲ್ಲಿ. ತಂದೆಯು ಧರ್ಮರಾಯನಂತೆ ಸಮನಾಗಿ ಹಂಚಿದರೂ, ಇಬ್ಬರ ನಡುವೆ ಹಂಚಿದ ಹಾಲಿಗೂ ನಾಲ್ವರ ನಡುವೆ ಹಂಚಿದ ಹಾಲಿಗೂ ವ್ಯತ್ಯಾಸವಿಲ್ಲವೆ? ಪಕ್ಷಪಾತವು ಬಡಿಸುವ ಕೈಯಲ್ಲಿ ಇಲ್ಲದಿದ್ದರೂ ಪಂಕ್ತಿಯ ಉದ್ದದಲ್ಲಿ ಇರಬಹುದು. ಈ ತೊಡಕನ್ನು ಕಳೆದು ನೋಡಲು ಬಾರ್ಸೆಲೋಸ್, ಕಾರ್ವಾಲ್ಯೊ, ಲ್ಯೆರಾಸ್‌ಮ್ಯೂನಿ ಎಂಬ ಮೂವರು ಎಳೆಯ ಮಗುವುಳ್ಳ ಸಂಸಾರಗಳನ್ನು ಹೋಲಿಸಿದರು. ಆಗತಾನೆ ಹುಟ್ಟಿದ ಕೂಸು ಗಂಡೋ ಹೆಣ್ಣೋ ಎಂಬುದರಿಂದ ಸಂಸಾರದ ಗಾತ್ರ ಇನ್ನೂ ಬದಲಾಗಿರದು. 2014ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ ಗಂಡುಕೂಸಿಗೆ ದೊಡ್ಡವರು ಕೊಡುವ ಹೊತ್ತು ಹೆಚ್ಚು, ಎದೆಹಾಲು ಹೆಚ್ಚು ಕಾಲ, ಜೀವಸತ್ವದ ಔಷಧಿ ಹೆಚ್ಚು. ಪಂಕ್ತಿ ಸಮವಾದ ಮನೆಯಲ್ಲಿಯೂ ಕೈ ಸ್ವಲ್ಪ ವಾಲುತ್ತದೆಂದು ಇದರಿಂದ ತಿಳಿಯುತ್ತದೆ.

ಮೊನಿಕಾ ದಾಸ್‌ಗುಪ್ತಾ 1987ರಲ್ಲಿಯೇ ಪಂಜಾಬಿನ ಹಳ್ಳಿಗಳನ್ನು ಕುರಿತು ಬರೆಯುತ್ತ, ಅಪಾಯವು ಎಲ್ಲ ಹೆಣ್ಣುಮಕ್ಕಳಿಗೂ ಒಂದೇ ಸಮನಾಗಿಲ್ಲ, ಅಕ್ಕಂದಿರಿರುವ ಹೆಣ್ಣುಮಗುವಿಗೆ ಬಹಳ ಹೆಚ್ಚೆಂದು ತೋರಿಸಿದ್ದರು. ತೊಟ್ಟಿಲಿನ ಬಳಿ ಎರಡನೆಯ ಸಲ, ಮೂರನೆಯ ಸಲ ತಗ್ಗುವ ದನಿಗೂ ಈ ಲೆಕ್ಕಕ್ಕೂ ಇರುವ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ 2017ರಲ್ಲಿ ಮಕ್ಕಳ ಎತ್ತರವನ್ನು ಅಳೆದ ಅಂಕಿಗಳಿಂದ, ಭಾರತದ ಮಕ್ಕಳ ಕುಳ್ಳುತನ ಹುಟ್ಟಿದ ಕ್ರಮದೊಡನೆ ಆಫ್ರಿಕಾದ ಮಕ್ಕಳಲ್ಲಿರುವುದಕ್ಕಿಂತ ಕಡಿದಾಗಿ ಏರುತ್ತದೆಂದೂ ಅದಕ್ಕೆ ಹಿರಿಯ ಮಗನ ಮೇಲಿನ ಒಲವು ಕಾರಣವೆಂದೂ ಪ್ರತಿಪಾದಿಸಿದರು. ಈ ಒಲವಿನಿಂದ ಕೆಡುವವರು ಹೆಣ್ಣುಮಕ್ಕಳಷ್ಟೇ ಅಲ್ಲ. ಹಿರಿಯ ಮಗನ ಬೆನ್ನಿಗೆ ಹುಟ್ಟಿದ ತಮ್ಮಂದಿರೂ ಅದರ ಬೆಲೆಯನ್ನು ತೆರುತ್ತಾರೆ.

ಉತ್ತರದೇಶದ ಈ ದೋಷವನ್ನು ಕನ್ನಡನಾಡಿಗೆ ಹೊರಿಸಬಾರದೆಂದು ಕೆಲವರು ಹೇಳುವುದುಂಟು. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ 2011ರ ಜನಗಣತಿಯಲ್ಲಿ ಇಡೀ ಭಾರತಕ್ಕೆ 918 ಆಗಿದ್ದರೆ ಕರ್ನಾಟಕದಲ್ಲಿ 948 ಇತ್ತು. ಶಿವಮೊಗ್ಗ ಜಿಲ್ಲೆಯಲ್ಲಿ ಎಲ್ಲ ವಯಸ್ಸಿನವರನ್ನೂ ಕೂಡಿಸಿದರೆ ಸಾವಿರ ಗಂಡಸರಿಗೆ ಸುಮಾರು ಸಾವಿರ ಹೆಂಗಸರು. ಆದರೆ ಕರ್ನಾಟಕದ ಆ ಸಂಖ್ಯೆ 1991ರಲ್ಲಿ 960 ಆಗಿತ್ತೆಂಬುದನ್ನೂ, ಭ್ರೂಣದ ಲಿಂಗಪತ್ತೆಯನ್ನು ತಡೆಯುವ ಕಾಯಿದೆ 1994ರಲ್ಲಿ ಆದ ಮೇಲೆಯೂ ಅದು 2001ರಲ್ಲಿ 946ಕ್ಕೆ ಇಳಿಯಿತೆಂಬುದನ್ನೂ ಮರೆಯಬಾರದು. ಮತ್ತೊಂದು ಸೂಕ್ಷ್ಮವಿದೆ. ಸಮನಾದ ಆರೈಕೆ ದೊರೆತರೆ ಹೆಣ್ಣುಕೂಸು ಗಂಡುಕೂಸಿಗಿಂತ ಹೆಚ್ಚಾಗಿ ಬದುಕಿ ಉಳಿಯುವುದು ಪ್ರಕೃತಿನಿಯಮ. ಇಬ್ಬರ ಸಾವಿನ ಸಂಖ್ಯೆ ಸಮನಾಗಿದೆಯೆಂದು ಎಲ್ಲಿಯಾದರೂ ತೃಪ್ತಿಪಟ್ಟರೆ, ಪ್ರಕೃತಿ ಕೊಟ್ಟ ಹೆಚ್ಚಳವನ್ನು ಮನೆ ಎಲ್ಲಿಯೋ ಕಳೆದಿದೆಯೆಂದೇ ಅರ್ಥ. ಬದುಕಿರುವುದು ಬೇರೆ, ಪುಷ್ಟಿಯಾಗಿ ಬೆಳೆದಿರುವುದು ಬೇರೆ. ಜನಗಣತಿಯು ಮೊದಲನೆಯದನ್ನು ಮಾತ್ರ ಎಣಿಸುತ್ತದೆ.

ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ಈ ವಿಚಾರ ಬೇರೆ ಬೇರೆ ರೀತಿಯಲ್ಲಿ ಸಲ್ಲುತ್ತದೆ. ಅಡಕೆ ಭತ್ತಗಳ ಸೀಮೆಯ ಪೇಟೆಯಾದ ಶಿವಮೊಗ್ಗದಲ್ಲಿ ತೋಟ ಗದ್ದೆಗಳ ಉತ್ತರಾಧಿಕಾರದ ಚಿಂತೆ ಮಗನ ಬಯಕೆಗೆ ಬಲ ಕೊಟ್ಟಿತು. ಭದ್ರಾವತಿ ಬೆಂಕಿಪುರವೆಂಬ ಹೆಸರಿನ ಚಿಕ್ಕ ಊರಾಗಿದ್ದು, 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿದ ಮೇಲೆ ನಗರವಾಯಿತು. ತಿಂಗಳ ಸಂಬಳದಲ್ಲಿ ನಡೆಯುವ ಮನೆಯಲ್ಲಿ ಹಂಚತಕ್ಕ ಮೊಬಲಗು ನಿಶ್ಚಿತ. ಮಕ್ಕಳು ಹೆಚ್ಚಿದಂತೆ ತಲೆಗೆ ಬರುವ ಪಾಲು ಕಡಮೆ. ಎರಡು ಊರುಗಳೂ ಆಗ ಸೇರಿದ್ದ ಮೈಸೂರು ಸಂಸ್ಥಾನವು 1930ರಲ್ಲಿ ಸರ್ಕಾರದ ವತಿಯಿಂದಲೇ ಸಂತಾನನಿಯಮನದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆಮಾಡಿ ಲೋಕಕ್ಕೆ ಮೇಲ್ಪಂಕ್ತಿಯಾಯಿತು. ಭಾರತ ಸರ್ಕಾರದ ಕುಟುಂಬಯೋಜನೆ ಬಂದದ್ದು 1952ರಲ್ಲಿ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ ಮಕ್ಕಳು 1.7 ಮಾತ್ರ. ಪಂಕ್ತಿ ಚಿಕ್ಕದಾಯಿತು; ಇನ್ನು ಪಕ್ಷಪಾತ ತಾನಾಗಿಯೇ ಅಳಿಯುವುದೆಂದು ನಂಬಬಹುದೆ?

ಇಲ್ಲಿಯೇ ಗಾದೆಯ ಇನ್ನೊಂದು ದೋಷ ಹೊರಬೀಳುತ್ತದೆ. ಎರಡೇ ಮಕ್ಕಳಿರುವ ನೂರು ಮನೆಗಳನ್ನು ತೆಗೆದುಕೊಂಡರೆ, ಪ್ರಕೃತಿಯ ಹಂಚಿಕೆಯಂತೆ ಸುಮಾರು ಐವತ್ತರಲ್ಲಿ ಒಂದು ಹೆಣ್ಣು ಒಂದು ಗಂಡು, ಸುಮಾರು ಇಪ್ಪತ್ತೈದರಲ್ಲಿ ಎರಡೂ ಗಂಡು, ಸುಮಾರು ಇಪ್ಪತ್ತೈದರಲ್ಲಿ ಎರಡೂ ಹೆಣ್ಣು. ಸಂಸಾರ ಪೂರ್ಣವಾಗುವುದು ಹೀಗೆ ಎಂದು ಸಾರುವ ಮಾತು ಅರ್ಧದಷ್ಟು ಮನೆಗಳನ್ನು ಅಪೂರ್ಣವೆಂದು ಸಾರುತ್ತದೆ. ಗಂಡಿಬ್ಬರಿರುವ ಮನೆ ಆರತಿಯ ಕೊರತೆಗಾಗಿ ಮೂರನೆಯ ಹೆರಿಗೆಗೆ ಹಂಬಲಿಸುವುದು ಅಪರೂಪ. ಹೆಣ್ಣಿಬ್ಬರಿರುವ ಮನೆಗೆ ಮಾತ್ರ ಎರಡು ದಾರಿಗಳು ತೋರುತ್ತವೆ: ಸಂಸಾರವನ್ನು ಬೆಳೆಸಿ ಇರುವ ಮಕ್ಕಳ ಪಾಲನ್ನು ಕುಗ್ಗಿಸುವುದು, ಇಲ್ಲವೆ ಕಾಯಿದೆ ನಿಷೇಧಿಸಿದ ಪಾಪಕ್ಕೆ ಕೈಹಾಕುವುದು. ಭಾರತ ಸರ್ಕಾರದ 2017–18ರ ಆರ್ಥಿಕ ಸಮೀಕ್ಷೆಯು, ಮಗನಿಗಾಗಿ ಕಾಯುತ್ತ ಹೆತ್ತುದರಿಂದ ಬಯಸದೆ ಹುಟ್ಟಿದ ಹೆಣ್ಣುಮಕ್ಕಳು ದೇಶದಲ್ಲಿ 2 ಕೋಟಿ 10 ಲಕ್ಷವೆಂದು ಅಂದಾಜು ಮಾಡಿತು. ಅಷ್ಟು ಮಕ್ಕಳಿಗೂ ಒಂದೊಂದು ತೊಟ್ಟಿಲಿತ್ತು; ತೊಟ್ಟಿಲಿನ ಬಳಿ ತಗ್ಗಿದ ದನಿಯೂ ಇತ್ತು.

ಪೂರ್ವಪಕ್ಷದವರಿಗೆ ಹೇಳಲು ಇನ್ನೂ ಉಳಿದಿದೆ, ಮತ್ತು ಅದನ್ನು ಆದರದಿಂದ ಕೇಳಬೇಕು. ಮುಪ್ಪಿನಲ್ಲಿ ಆಸರೆಯಾಗುವವನು ಮಗ. ಆಸ್ತಿ ನಿಲ್ಲುವುದು ಅವನಲ್ಲಿ. ಪಿಂಡ ಹಾಕುವವನು ಅವನು. ಬಡತನದಲ್ಲಿ ಎಲ್ಲರಿಗೂ ಸಮನಾಗಿ ಕೊಡಲು ಸಾಧ್ಯವಿಲ್ಲದಾಗ ಅವನಿಗೆ ಮೊದಲು ಕೊಟ್ಟರೆ ತಪ್ಪೇನು? ಈ ಮಾತು ದುಷ್ಟರದಲ್ಲ, ಭಯಪಟ್ಟವರದು. ಆದರೆ ಭಯದ ಆಧಾರಗಳು ಒಂದೊಂದಾಗಿ ಸಡಿಲಿವೆ. ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕನ್ನು ಕರ್ನಾಟಕವು 1994ರಲ್ಲಿ ಕೊಟ್ಟಿತು. ಇಡೀ ದೇಶಕ್ಕೆ ಅದು 2005ರಲ್ಲಿ ಬಂದಿತು. ತಂದೆತಾಯಿಗಳ ಪೋಷಣೆಯ 2007ರ ಕಾಯಿದೆಯು ಮಗನಷ್ಟೇ ಮಗಳನ್ನೂ ಹೊಣೆಗಾರಳನ್ನಾಗಿ ಮಾಡಿದೆ. ಕಾಯಿದೆಗಿಂತ ದೊಡ್ಡ ಪ್ರಮಾಣ ಕಣ್ಣೆದುರಿನ ಲೋಕ: ವೃದ್ಧ ತಂದೆಯನ್ನು ಕೈಹಿಡಿದು ಆಸ್ಪತ್ರೆಗೆ ಕರೆತರುವ ಮಗಳು ಈ ಎರಡು ಊರುಗಳಲ್ಲಿ ಅಪರೂಪದ ದೃಶ್ಯವಲ್ಲ.

ಪಿಂಡದ ಮಾತಿಗೂ ಉತ್ತರವಿದೆ. ಮಗನಿಂದ ಕುಲ ಬೆಳೆಯಬೇಕಾದರೆ ಅವನ ಮನೆಗೆ ಬರುವ ಸೊಸೆ ಆರೋಗ್ಯವಂತೆಯಾಗಿರಬೇಕು. ಸೊಸೆಯೆಂದರೆ ಬೇರೊಂದು ಮನೆಯಲ್ಲಿ ಆರತಿಗೆಂದು ಬೆಳೆದ ಮಗಳು. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೂ, 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೂ ರಕ್ತಹೀನತೆಯಿದೆ. ಕಬ್ಬಿಣವನ್ನು ಕರಗಿಸಿ ಹೆಸರು ಪಡೆದ ಊರುಳ್ಳ ನಾಡಿನಲ್ಲಿ ರಕ್ತಕ್ಕೆ ಕಬ್ಬಿಣದ ಕೊರತೆ! ರಕ್ತಹೀನಳಾದ ತಾಯಿಗೆ ತೂಕ ಕಡಮೆಯ ಕೂಸು ಹುಟ್ಟುವ ಸಂಭವ ಹೆಚ್ಚು. ಆ ಕೂಸು ಕೀರ್ತಿಗೆಂದು ಹರಕೆ ಹೊತ್ತು ಪಡೆದ ಮೊಮ್ಮಗನೇ ಆಗಿರಬಹುದು. ಮಗಳ ಬಟ್ಟಲಿನಿಂದ ತೆಗೆದ ತುಪ್ಪ ಇಪ್ಪತ್ತು ವರ್ಷದ ಮೇಲೆ ಮತ್ತೊಬ್ಬರ ಮನೆಯ ಮಗನ ಬಟ್ಟಲಿನಲ್ಲಿ ಕಡಮೆಯಾಗುತ್ತದೆ; ಮತ್ತೊಬ್ಬರು ತೆಗೆದ ತುಪ್ಪ ಈ ಮನೆಯಲ್ಲಿ ಕಡಮೆಯಾಗುತ್ತದೆ.

ಬದಲಾವಣೆಯ ಗುರುತುಗಳಿಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಶಿಶುಅಭಿವೃದ್ಧಿ ಯೋಜನೆಯಿಂದ ಬೀದಿ ಬೀದಿಗೆ ಬಂದ ಅಂಗನವಾಡಿಯಲ್ಲಿ ಗಂಡು ಹೆಣ್ಣೆನ್ನದೆ ತೂಕ ನೋಡಿ ಆಹಾರ ಕೊಡುತ್ತಾರೆ. 2006–07ರಲ್ಲಿ ಕರ್ನಾಟಕ ಸರ್ಕಾರ ತಂದ ಭಾಗ್ಯಲಕ್ಷ್ಮಿ ಯೋಜನೆಯು ಬಡ ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಠೇವಣಿಯಿಟ್ಟು, ಚುಚ್ಚುಮದ್ದುಗಳನ್ನು ಹಾಕಿಸಿರಬೇಕು, ಹದಿನೆಂಟರೊಳಗೆ ಮದುವೆಯಾಗಿರಬಾರದು ಎಂಬ ನಿಬಂಧನೆಗಳನ್ನು ಹಾಕಿತು. 2019–20ರಲ್ಲಿ ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ನೂರಕ್ಕೆ 84 ಮಂದಿಗೆ ಎಲ್ಲ ಮೂಲ ಚುಚ್ಚುಮದ್ದುಗಳೂ ಸಂದಿದ್ದವು. ಸರ್ಕಾರ ಪುಕ್ಕಟೆಯಾಗಿ ಕೊಡುವುದನ್ನು ಮಗಳಿಗೂ ಕೊಡಿಸಲು ಮನೆಗಳು ಹಿಂಜರಿಯುತ್ತಿಲ್ಲವೆಂಬುದು ಸಂತೋಷ. ಪರೀಕ್ಷೆಯಿರುವುದು ಮನೆಯು ತಾನೇ ತೆರಬೇಕಾದ ವಸ್ತುವಿನಲ್ಲಿ: ಎದೆಹಾಲಿನ ತಿಂಗಳುಗಳು, ರಾಗಿಸರಿಯ ಮೇಲಿನ ತುಪ್ಪ, ತಾಯಿ ಮಡಿಲಲ್ಲಿಟ್ಟು ಉಣಿಸುವ ಹೊತ್ತು, ನಡುರಾತ್ರಿ ಜ್ವರ ಬಂದಾಗ ಬೆಳಗಿನವರೆಗೆ ಕಾಯುವುದೋ ಆಗಲೇ ಹೊರಡುವುದೋ ಎಂಬ ನಿರ್ಧಾರ. ತಾಯಿಕಾರ್ಡಿನಲ್ಲಿ ಇವನ್ನು ಬರೆಯಲು ಜಾಗವಿಲ್ಲ.

ಹಿಂದೆ ಹೆಣ್ಣಿನ ಮೇಲೆ ಹೆಣ್ಣಾದ ಮನೆಗಳಲ್ಲಿ ಕೂಸಿಗೆ ಸಾಕಮ್ಮನೆಂದು ಹೆಸರಿಡುವ ರೂಢಿಯಿತ್ತು. ಹೆಣ್ಣು ಇನ್ನು ಸಾಕು ಎಂದು ದೇವರಿಗೆ ಮಾಡಿದ ಅರಿಕೆ ಅದು. ಆ ಹೆಸರನ್ನು ಹೊತ್ತವಳು ತನ್ನನ್ನು ಕರೆದಾಗಲೆಲ್ಲ ತಾನು ಹೆಚ್ಚಾದವಳೆಂಬ ಮಾತನ್ನೇ ಕೇಳಿ ಬೆಳೆಯಬೇಕಾಗಿತ್ತು. ಆದರೆ ಕನ್ನಡದಲ್ಲಿ ಸಾಕು ಎಂಬುದಕ್ಕೆ ಇನ್ನೊಂದು ಅರ್ಥವುಂಟು: ಸಲಹು, ಪೋಷಿಸು. ಎರಡು ಅರ್ಥಗಳೂ ಒಂದೇ ಅಕ್ಷರಗಳಲ್ಲಿ ಕುಳಿತಿವೆ. ಯಾವುದನ್ನು ಆಯ್ದುಕೊಳ್ಳುವುದು ಹೆಸರಿಟ್ಟವರ ಇಷ್ಟ. ಇಂದಿನ ಚಿಕ್ಕ ಸಂಸಾರಕ್ಕೆ ಎರಡು ಅರ್ಥಗಳೂ ಬೇಕಾಗಿವೆ. ಹುಟ್ಟಿದ್ದು ಹೆಣ್ಣಾಗಲಿ ಗಂಡಾಗಲಿ, ಮಕ್ಕಳು ಇಷ್ಟು ಸಾಕು ಎಂದು ನಿಲ್ಲಿಸುವ ಧೈರ್ಯ ಮೊದಲನೆಯದು. ಹುಟ್ಟಿದವರನ್ನು ಸಮನಾಗಿ ಸಾಕುವ ಧರ್ಮ ಎರಡನೆಯದು.

ಆರತಿಗೆ ಮಗಳು, ಕೀರ್ತಿಗೆ ಮಗ ಎಂಬ ಮಾತನ್ನು ಜನರ ಬಾಯಿಂದ ಕಿತ್ತುಹಾಕಲು ಯಾವ ವಿಮರ್ಶೆಗೂ ಶಕ್ತಿಯಿಲ್ಲ. ಅದರ ಇಂಪು ಅದನ್ನು ಕಾಪಾಡುತ್ತದೆ. ಆದರೆ ಮುಂದಿನ ನಾಮಕರಣದಲ್ಲಿ ಅದನ್ನು ಆಡುವ ಹಿರಿಯರು, ಆಡಿದ ಮೇಲೆ ಬಾಣಂತಿಯ ಕಡೆಗೆ ತಿರುಗಿ, ಈ ಕೂಸಿಗೆ ಹಾಲು ಎಷ್ಟು ತಿಂಗಳು ಕೊಡುವೆಯಮ್ಮ ಎಂದು ಒಂದು ಪ್ರಶ್ನೆ ಕೇಳಿದರೆ, ಹೊನ್ನಮ್ಮನ ಮಾತಿಗೆ ಈ ಊರುಗಳು ಸಲ್ಲಿಸಬೇಕಾದ ವ್ಯಾಖ್ಯಾನ ಅಲ್ಲಿಂದ ಮೊದಲಾಗುತ್ತದೆ.